ಅಪ್ಪನ ಕಾರ್ನೆಟ್ ಕಲಿತ ವರ್ಷ

೧೯೫೯ರ ಜನವರಿ ತಿಂಗಳ ಕೊನೆಯ ಸೋಮವಾರ, ಮಧ್ಯಾಹ್ನ ಮೂರೂವರೆ ಗಂಟೆ. ಸ್ಥಳ, ಉರ್ವದ ನಮ್ಮ ಬಾಡಿಗೆ ಮನೆಯ ಚಾವಡಿ. ಇದ್ದವರು: ಪೆಟ್ಟಿಗೆಯಲ್ಲಿ ನನ್ನ ತಂದೆ, ಅವರ ತಲೆಯ ಬದಿಯಲ್ಲಿ ಮೊಣಕಾಲೂರಿದ ನನ್ನ ಹೆಂಡತಿ, ಪ್ರಾರ್ಥನೆ ಹೇಳಲು ಬಂದ ನೆರೆಕರೆಯ ಹೆಂಗಸರು, ಇಗರ್ಜಿಯ ಪಾದ್ರಿ, ಪಕ್ಕದ ಮನೆಯ ಅಂಗಡಿಯವರು, ನನ್ನ ತಾಯಿಯ ಕಡೆಯ ಮೂವರು ಬಂಧುಗಳು, ಮತ್ತು ತಂದೆಯ ಕಾರ್ನೆಟ್ ತುತ್ತೂರಿ ಹಿಡಿದುಕೊಂಡ ನಾನು. ಬರಬೇಕಾಗಿದ್ದು ಬಾರದವರು ಒಬ್ಬರೇ, ತಂದೆಯ ತಮ್ಮ. ಕೊಂಕಣಿಯಲ್ಲಿ ಚಿಕ್ಕಪ್ಪನಿಗೆ ಬಾಪ್ಪು ಎನ್ನುತ್ತೇವೆ.

ಪೆಟ್ಟಿಗೆ ಹೊರಲು ನಾಲ್ವರು ಬೇಕು. ಮೂವರು ಸಿದ್ಧರಾಗಿ ನಿಂತಿದ್ದರು. ನಾಲ್ಕನೆಯ ಜಾಗ ಬಾಪ್ಪುವಿನದು ಎಂದು ತಂದೆ ಬದುಕಿದ್ದಾಗಲೇ ಹೇಳಿಟ್ಟಿದ್ದರು. ನಾವು ಗೇಟಿನ ಕಡೆ ನೋಡುತ್ತ ಕಾಯುತ್ತಿದ್ದೆವು.

ಈ ಸ್ಥಿತಿ ಹೇಗೆ ಬಂತು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ಹಿಂದಿನ ಜೂನಿನಲ್ಲಿ ಶಾಲೆ ತೆರೆದ ದಿನ ಹೆಡ್‌ಮಾಸ್ಟರು ಮಾಸ್ಟರುಗಳಾದ ನಮ್ಮನ್ನೆಲ್ಲ ಕರೆದು ಕೂರಿಸಿದರು. ಅವರೂ ಪಾದ್ರಿಯೇ. ಮಾತು ಕಡಿಮೆ, ಗಡಿಯಾರ ನೋಡಿ ಮಾತಾಡುವವರು. ಅಂದು ಮಾತ್ರ ಸ್ವಲ್ಪ ಹೆಚ್ಚು ಹೇಳಿದರು. ಪಾಠ, ಪರೀಕ್ಷೆ, ಮನೆಪಾಠ ಇವುಗಳ ಹೊರಗೆ ಪ್ರತಿಯೊಬ್ಬ ಮಾಸ್ಟರಿಗೂ ತನ್ನದೇ ಆದ ಒಂದು ಕೆಲಸ ಇರಬೇಕು, ಯಾರೂ ಹೇಳದೆ ಮಾಡುವಂಥದ್ದು, ಯಾರೂ ತನಿಖೆ ಮಾಡದಂಥದ್ದು. ಇಲ್ಲವಾದರೆ ನಲವತ್ತಾಗುವಷ್ಟರಲ್ಲಿ ನಾವೆಲ್ಲ ಬೋರ್ಡಿನ ಕೆಳಗೆ ಬಿದ್ದ ಸುಣ್ಣದ ಪುಡಿಯಾಗುತ್ತೇವೆ ಎಂದರು.

"ನಮಗೆ ಅಂಥದ್ದು ಒಂದೇ ಉಂಟು ಫಾದರ್, ನಿದ್ದೆ," ಎಂದರು ನಮ್ಮ ಡ್ರಾಯಿಂಗ್ ಮಾಸ್ಟರು.

"ಅದನ್ನು ನೀವು ಕ್ಲಾಸಿನಲ್ಲೇ ಮಾಡ್ತಾ ಇದ್ದೀರಲ್ಲ," ಎಂದರು ಹೆಡ್‌ಮಾಸ್ಟರು. ಸಭೆ ಮುಗಿಯಿತು.

ನಾನು ಗಣಿತದ ಮಾಸ್ಟರು. ಬೆಳಿಗ್ಗೆ ಪೂಜೆ, ಆಮೇಲೆ ಶಾಲೆ, ಸಂಜೆ ಸ್ಕೌಟು ಅಥವಾ ಮನೆಪಾಠ, ಊಟದ ನಂತರ ಉತ್ತರಪತ್ರಿಕೆ, ಭಾನುವಾರ ಮಕ್ಕಳಿಗೆ ಧರ್ಮೋಪದೇಶ. ಬಾಲ್ಯದಲ್ಲಿ ಬೋರ್ಡಿಂಗಿನಲ್ಲಿ ಗಂಟೆಯ ಲೆಕ್ಕದಲ್ಲಿ ಬೆಳೆದವನಾದ್ದರಿಂದ ನನಗೆ ಇದು ಭಾರವಾಗಿರಲಿಲ್ಲ. ಹುಡುಕಿ ನೋಡಿದಾಗ ಸಂಜೆ ದೀಪ ಹಚ್ಚುವ ಮೊದಲು ಅರ್ಧ ಗಂಟೆ ಸಿಗುತ್ತಿತ್ತು. ಆ ಅರ್ಧ ಗಂಟೆಗೆ ಏನನ್ನು ಹಾಕುವುದು ಎಂದು ಕೆಲವು ದಿನ ನಡೆಯುತ್ತ ಯೋಚಿಸಿದೆ.

ನನ್ನ ಮನಸ್ಸು ಇದ್ದದ್ದು ನಕ್ಷತ್ರಗಳ ಮೇಲೆ. ಎರಡು ಗಾಜುಗಳನ್ನು ತರಿಸಿ, ತಗಡಿನ ಕೊಳವೆಗೆ ಕೂರಿಸಿ, ದುರ್ಬೀನು ಮಾಡಬೇಕೆಂದು ಕಾಲೇಜಿನ ದಿನಗಳಿಂದ ಆಸೆ. ಆದರೆ ನಮ್ಮ ಊರಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಆಕಾಶ ಎಂಬುದೇ ಇಲ್ಲ. ಇರುವಾಗಲೂ ದೀಪ ಹಚ್ಚುವ ಮೊದಲು ನಕ್ಷತ್ರ ಕಾಣುವುದಿಲ್ಲ. ಇನ್ನೊಂದು ಯೋಚನೆ ತೋಟದ್ದು. ಅಂಗಳವನ್ನು ಗುದ್ದಲಿಯಿಂದ ಒಮ್ಮೆ ಹೊಡೆದು ನೋಡಿದೆ. ಕೆಂಪು ಮುರಕಲ್ಲು, ಗುದ್ದಲಿಯೇ ಬಾಗಿತು.

ಊಟದ ಹೊತ್ತಿನಲ್ಲಿ ಈ ವಿಷಯ ಹೇಳಿದಾಗ ತಂದೆ ಮಂಚದಿಂದಲೇ ಕೇಳಿದರು. ಅವರು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ದಮ್ಮು ಹಿಡಿದು ಎರಡು ವರ್ಷದಿಂದ ಮಂಚ ಬಿಟ್ಟು ಇಳಿಯುವುದು ಅಪರೂಪವಾಗಿತ್ತು.

"ನನ್ನ ಮಂಚದ ಅಡಿಯಲ್ಲಿ ಒಂದು ಪೆಟ್ಟಿಗೆ ಉಂಟು," ಎಂದರು. "ಅದನ್ನು ತೆಗೆದು ನೋಡಿದ್ದೀಯಾ?"

ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ತಂದೆ ಯೌವನದಿಂದ ನಮ್ಮ ಇಗರ್ಜಿಯ ಬ್ಯಾಂಡಿನಲ್ಲಿ ಕಾರ್ನೆಟ್ ಊದುತ್ತಿದ್ದರು. ಮೂರು ಗುಂಡಿಗಳ, ಗಿಡ್ಡ ಹಿತ್ತಾಳೆ ತುತ್ತೂರಿ ಅದು. ಬಾಪ್ಪು ದೊಡ್ಡ ಡ್ರಮ್ ಬಾರಿಸುತ್ತಿದ್ದರು. ಹಬ್ಬಕ್ಕೂ ಮದುವೆಗೂ ಊದುತ್ತಿದ್ದರಾದರೂ ಆ ಬ್ಯಾಂಡಿಗೆ ಹೆಸರಿದ್ದದ್ದು ಶವಯಾತ್ರೆಗೆ. ಮನೆಯಿಂದ ಇಗರ್ಜಿಗೆ, ಇಗರ್ಜಿಯಿಂದ ಸ್ಮಶಾನಕ್ಕೆ, ಪೆಟ್ಟಿಗೆಯ ಮುಂದೆ ನಿಧಾನವಾದ ಒಂದು ರಾಗ. ಜನ ಅದನ್ನು ಮರಣದ ಮಾರ್ಚು ಎನ್ನುತ್ತಿದ್ದರು. ಉರ್ವದಲ್ಲಿ ನಮ್ಮ ಮತದವರಲ್ಲದವರಿಗೂ ಅದರ ಗುರುತಿತ್ತು. ಕೇಳಿದರೆ ಅಂಗಡಿಯವರು ಅರ್ಧ ಬಾಗಿಲು ಹಾಕುತ್ತಿದ್ದರು.

ಅಜ್ಜಿ ತೀರಿಕೊಂಡ ದಿನ ಅಣ್ಣತಮ್ಮಂದಿರ ನಡುವೆ ಕೆಟ್ಟಿತು. ಬ್ಯಾಂಡು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಬಾಪ್ಪು ಡ್ರಮ್ಮನ್ನು ರಸ್ತೆಯ ಬದಿಯಲ್ಲಿ ಇಳಿಸಿ, ಹಿಂದೆ ಹೋಗಿ ತಾಯಿಯ ಪೆಟ್ಟಿಗೆಗೆ ಹೆಗಲು ಕೊಟ್ಟರು. ತಂದೆ ಊದುವುದನ್ನು ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಹೆತ್ತವಳನ್ನು ಹೊರದೆ ಬಾಡಿಗೆಯವನ ಹಾಗೆ ಊದಿಕೊಂಡು ಹೋದ ಎಂದು ಬಾಪ್ಪು. ನಾನು ಊರಿನವರಿಗೆಲ್ಲ ಊದಿದವನು, ನನ್ನ ತಾಯಿಗೆ ಊದದೆ ಇರುತ್ತೇನಾ ಎಂದು ತಂದೆ. ಬಾಪ್ಪು ದೇರೆಬೈಲಿಗೆ ಮನೆ ಬದಲಿಸಿದರು. ಆಮೇಲೆ ಇಬ್ಬರೂ ಒಬ್ಬರ ಮೆಟ್ಟಿಲನ್ನು ಇನ್ನೊಬ್ಬರು ಹತ್ತಲಿಲ್ಲ. ಬ್ಯಾಂಡೂ ಕಾಲಕ್ರಮದಲ್ಲಿ ಚದುರಿಹೋಯಿತು.

"ನಾನು ಹೋದಾಗ ಇದೇ ಕಾರ್ನೆಟ್ ಮುಂದೆ ಹೋಗಬೇಕು," ಎಂದರು ತಂದೆ. "ಊದುವವನು ನೀನು. ನೀನು ಹೊರುವ ಜಾಗದಲ್ಲಿ ಅವನು ಬರಬೇಕು. ನಮ್ಮೊಳಗಿನ ಲೆಕ್ಕ ಅಲ್ಲಿಗೆ ಮುಗೀತದೆ."

"ಅವರು ಬರ್ತಾರಾ ಪಪ್ಪಾ?"

"ಹೊರ್ಲಿಕ್ಕೆ ಬರ್ತಾನೆ. ಅವನು ಹೊರುವವನೇ."

ನಕ್ಷತ್ರ ಎಲ್ಲಿಗೂ ಹೋಗುವುದಿಲ್ಲ, ತಂದೆಯ ವಿಷಯದಲ್ಲಿ ಹಾಗೆ ಹೇಳುವಂತಿರಲಿಲ್ಲ. ಮರುದಿನದಿಂದ ಆ ಅರ್ಧ ಗಂಟೆಯನ್ನು ಕಾರ್ನೆಟ್ಟಿಗೆ ಕೊಟ್ಟೆ.

ಮೊದಲ ತಿಂಗಳು ತಂದೆ ನನ್ನ ಕೈಗೆ ಕಾರ್ನೆಟ್ಟನ್ನೇ ಕೊಡಲಿಲ್ಲ. ಜಗಲಿಯ ಉದ್ದಕ್ಕೆ ನಡೆಸಿದರು. ಒಂದು ಹೆಜ್ಜೆ, ನಿಲ್ಲು, ಇನ್ನೊಂದು ಹೆಜ್ಜೆ. ಹೊರಗೆ ಮಳೆ ಸುರಿಯುತ್ತಿರುವಾಗ ಕಚ್ಚೆ ಪಂಚೆ ಉಟ್ಟ ಗಣಿತದ ಮಾಸ್ಟರು ಜಗಲಿಯಲ್ಲಿ ಕಾಲು ಎಳೆಯುವುದನ್ನು ನೋಡಿ ಹೆಂಡತಿ ನಗುತ್ತಿದ್ದಳು. ಅವಳು ಅತ್ತಾವರದ ಆಸ್ಪತ್ರೆಯಲ್ಲಿ ನರ್ಸು.

"ನಮ್ಮ ವಾರ್ಡಿನಲ್ಲಿ ಆಪರೇಶನ್ ಆದವರು ಇದಕ್ಕಿಂತ ಜೋರಾಗಿ ನಡೀತಾರೆ," ಎಂದಳು ಒಮ್ಮೆ.

ತಂದೆ ನಗಲಿಲ್ಲ. "ನಿನ್ನ ಹಿಂದೆ ನಾಲ್ಕು ಜನರ ಹೆಗಲ ಮೇಲೆ ಭಾರ ಉಂಟು," ಎಂದರು ನನಗೆ. "ನೀನು ಓಡಿದರೆ ಅವರು ಎಡವುತ್ತಾರೆ. ತಿರುಗಿ ನೋಡ್ಲಿಕ್ಕಿಲ್ಲ. ಅವರ ಕಾಲಿನ ಸದ್ದು ಕೇಳಿಕೊಂಡು ಊದಬೇಕು. ನಾಲ್ವರಲ್ಲಿ ಯಾರು ಸೋತಿದ್ದಾನೋ ಅವನ ಹೆಜ್ಜೆಗೆ ರಾಗ ಹಿಡಿ."

ಆಮೇಲೆ ಊದುವ ಪಾಠ. ತಂದೆಗೆ ಊದಲು ಉಸಿರು ಇರಲಿಲ್ಲ. ಕಂಬಳಿಯ ಮೇಲೆ ಬಲಗೈಯ ಮೂರು ಬೆರಳು ಇಟ್ಟು ಒತ್ತಿ ತೋರಿಸುತ್ತಿದ್ದರು, ನಾನು ಅದನ್ನು ನೋಡಿ ಗುಂಡಿ ಒತ್ತುತ್ತಿದ್ದೆ. ತಪ್ಪಿದರೆ ಮಂಚದ ಪಟ್ಟಿಗೆ ಒಂದು ಪೆಟ್ಟು. ತುಟಿ ಬಾತು ಮರುದಿನ ತರಗತಿಯಲ್ಲಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ರಾಗವನ್ನು ಚೂರುಚೂರಾಗಿ ಕಲಿಸಿದರು, ಎರಡು ಚೂರನ್ನು ಸೇರಿಸಲು ಬಿಡಲಿಲ್ಲ. ಮೊದಮೊದಲು ನನಗೆ ಅದು ಇನ್ನೊಂದು ಪೀರಿಯಡ್ ಆಗಿತ್ತು. ಅಕ್ಟೋಬರಿನ ಹೊತ್ತಿಗೆ ಮಧ್ಯಾಹ್ನದಿಂದಲೇ ಆ ಅರ್ಧ ಗಂಟೆಗಾಗಿ ಕಾಯತೊಡಗಿದ್ದೆ. ಬೇರೆ ಯಾವ ರಾಗವನ್ನೂ ಕಲಿಯಲು ಸಮಯ ಬರಲಿಲ್ಲ. ಇಂದಿಗೂ ನನಗೆ ಬರುವುದು ಅದೊಂದೇ, ಅದು ಸುಮ್ಮನೆ ಸಂತೋಷಕ್ಕೆ ಊದುವಂಥದ್ದಲ್ಲ.

ನವೆಂಬರಿನ ಒಂದು ಶುಕ್ರವಾರ ರಾತ್ರಿ ತಂದೆಯ ದಮ್ಮು ಜೋರಾಯಿತು. ಬೆಳಗಾಗುತ್ತಲೇ ಪಾದ್ರಿಯನ್ನು ಕರೆಸಿದೆವು. ಸಾಯುವವರಿಗೆ ಹಚ್ಚುವ ಪವಿತ್ರ ಎಣ್ಣೆ ಹಿಡಿದು ಅವರು ಬಂದರು. ಮುಂದೆ ಗಂಟೆ ಅಲ್ಲಾಡಿಸುತ್ತ ಇಗರ್ಜಿಯ ಸೇವಕ. ಆ ಗಂಟೆ ಕೇಳಿ ರಸ್ತೆಯವರೆಲ್ಲ ನಮ್ಮ ಮನೆಯ ಕಡೆ ನೋಡಿದರು. ಎಣ್ಣೆ ಹಚ್ಚಿಸಿಕೊಂಡ ಮೇಲೆ ತಂದೆಗೆ ನಿದ್ದೆ ಬಂತು. ಉಸಿರು ಸಮವಾಯಿತು. ಹೆಂಡತಿ ನಾಡಿ ನೋಡಿ ಡ್ಯೂಟಿಗೆ ಹೋದಳು. ನಾನು ಅರ್ಧ ದಿನದ ಶಾಲೆ ಮುಗಿಸಿ ಬಂದಾಗ ಅವರು ದಿಂಬಿಗೆ ಒರಗಿ ಕುಳಿತಿದ್ದರು. ಗಂಜಿಯನ್ನೂ ಉಪ್ಪಿನಲ್ಲಿ ಹಾಕಿದ ಮಾವಿನಕಾಯಿಯನ್ನೂ ಕೇಳಿ ತಿಂದರು.

"ಪೆಟ್ಟಿಗೆ ತೆಗೆ," ಎಂದರು. "ಕಿಟಕಿ ಬಾಗಿಲು ತೆಗೆದಿಡು. ಇವತ್ತು ಚೂರು ಬೇಡ, ಮೊದಲಿನಿಂದ ಕೊನೆವರೆಗೆ ಊದು. ನಿನ್ನೆ ಹೋಗಿಬಿಡ್ತಿದ್ದೆ, ನೀನು ಕಲಿತದ್ದು ಕೇಳದೆ."

ಊದಿದೆ. ಎರಡನೆಯ ಭಾಗದಲ್ಲಿ ಒಮ್ಮೆ ಸ್ವರ ಒಡೆಯಿತು. ತಂದೆ ಪಟ್ಟಿಗೆ ಪೆಟ್ಟು ಹಾಕಲಿಲ್ಲ, ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದರು. ನಾನು ಕಾರ್ನೆಟ್ ಇಳಿಸಿ ತಿರುಗಿದಾಗ ಅಂಗಳದಲ್ಲಿ ಜನ ಇದ್ದರು. ಕಪ್ಪು ಬಟ್ಟೆ ತಲೆಗೆ ಹೊದ್ದು, ಜಪಮಾಲೆ ಹಿಡಿದ ಹೆಂಗಸರು. ಎಲ್ಲರ ಮುಂದೆ ಪಕ್ಕದ ಮನೆಯ ಅಂಗಡಿಯವರು. ಅವರು ತುಳು ಮಾತಿನವರು, ಉರ್ವ ಮಾರ್ಕೆಟಿನಲ್ಲಿ ದಿನಸಿ ಅಂಗಡಿ. ನನ್ನೊಂದಿಗೆ ಕನ್ನಡದಲ್ಲಿ ಮಾತಾಡುತ್ತಿದ್ದರು.

"ಎಷ್ಟು ಹೊತ್ತಿಗೆ ಆಯ್ತು ಮಾಷ್ಟ್ರೇ?" ಎಂದರು ತಗ್ಗಿದ ದನಿಯಲ್ಲಿ.

"ಎಂತ ಆಯ್ತು?"

ಅವರು ತಲೆಯ ಮೇಲಿನ ಮುಂಡಾಸು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಬೆಳಿಗ್ಗೆ ಪಾದ್ರಿ ಬಂದದ್ದು ನೋಡಿದೆ. ಈಗ ಇದು ಕೇಳಿತು. ಹಾಗೆ ಅಂಗಡಿ ಮುಚ್ಚಿ ಬಂದೆ."

ಒಳಗಿನಿಂದ ತಂದೆಯ ದನಿ ಬಂತು. "ಇನ್ನೂ ಆಗ್ಲಿಲ್ಲ ಮಾರಾಯ. ಆಗುವಾಗ ಹೇಳಿ ಕಳಿಸ್ತೇನೆ, ಅಂಗಡಿ ತೆಗಿ."

ಹೆಂಗಸರಲ್ಲಿ ಒಬ್ಬಿಬ್ಬರು ನಕ್ಕರು, ಒಬ್ಬಾಕೆ ಶಿಲುಬೆಯ ಗುರುತು ಹಾಕಿಕೊಂಡಳು. ಅಂಗಡಿಯವರು ಮಾತ್ರ ನಗಲಿಲ್ಲ. ಅವರು ಬರುವ ಮೊದಲೇ ಒಳ್ಳೆಯ ಮನಸ್ಸಿನಿಂದ ಎರಡು ಕೆಲಸ ಮಾಡಿ ಮುಗಿಸಿದ್ದರು. ಅತ್ತಾವರದ ಆಸ್ಪತ್ರೆಗೆ ಒಬ್ಬನನ್ನು ಓಡಿಸಿದ್ದರು, ಬಸ್ ಕಂಡಕ್ಟರನ ಮೂಲಕ ದೇರೆಬೈಲಿಗೂ ಸುದ್ದಿ ಕಳಿಸಿದ್ದರು.

ಹೆಂಡತಿ ಬಿಳಿ ಸಮವಸ್ತ್ರದಲ್ಲೇ ಏದುತ್ತ ಬಂದಳು. ಮಾವನನ್ನು ನೋಡಿ, ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದಳು. "ನಿಮಗೆ ಬೇರೆ ಏನಾದರೂ ಹವ್ಯಾಸ ಸಿಗಲಿಲ್ಲವಾ?" ಎಂದು ನನ್ನನ್ನು ಕೇಳಿದಳು.

ಸಂಜೆಯ ಹೊತ್ತಿಗೆ ಬಾಪ್ಪು ಬಂದರು. ಕಪ್ಪು ಕೋಟು, ಕೈಯಲ್ಲಿ ಕಾಗದದಲ್ಲಿ ಸುತ್ತಿದ ಮೇಣದ ಬತ್ತಿಗಳು. ಮುಖ ಬಿಸಿಲಿಗೆ ಬಾಡಿತ್ತು, ಅತ್ತಿದ್ದರೆಂದೂ ಕಾಣುತ್ತಿತ್ತು. ಅಷ್ಟು ವರ್ಷದ ನಂತರ ನಮ್ಮ ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತು, ಮಂಚದ ಮೇಲೆ ಕುಳಿತ ಅಣ್ಣನನ್ನು ನೋಡಿದರು.

"ಬಾ, ಕೂತ್ಕೊ," ಎಂದರು ತಂದೆ.

"ನೀನು ಸತ್ತಿದ್ದಿ ಅಂತ ಬಂದೆ."

"ಬಂದಿ ಅಲ್ವಾ. ಕೂತ್ಕೊ."

ಬಾಪ್ಪುವಿನ ಕಣ್ಣು ಮೇಜಿನ ಮೇಲಿದ್ದ ಕಾರ್ನೆಟ್ಟಿನ ಮೇಲೆ ಬಿತ್ತು. ಅಲ್ಲಿಂದ ನನ್ನ ಬಾತ ತುಟಿಗೆ ಬಂತು.

"ಇವನಿಗೂ ಕಲಿಸಿದ್ದಿಯಾ."

"ಅವನೇ ಆರಿಸಿದ್ದು. ನಾನು ನಿಜವಾಗಿ ಹೋದಾಗ ಇವನು ಮುಂದೆ ಊದ್ತಾನೆ, ಇವನ ಜಾಗದಲ್ಲಿ ನೀನು ಹೊರು."

ಬಾಪ್ಪು ಒಂದು ಹೆಜ್ಜೆ ಒಳಗೆ ಇಟ್ಟರು. ಅವರು ಕುಳಿತುಕೊಳ್ಳುತ್ತಾರೆ ಎಂದೇ ನಾನು ಎಣಿಸಿದೆ, ಹೆಂಡತಿ ಕುರ್ಚಿಯನ್ನು ಎಳೆದೂ ಕೊಟ್ಟಳು.

"ನಾನು ಹೆಣಕ್ಕೆ ಬಂದೆ," ಎಂದರು. "ನೀನು ನಾಟಕದ ತಾಲೀಮು ಮಾಡಿಸ್ತಾ ಇದ್ದಿ. ಅಮ್ಮನನ್ನು ಊದಿ ಕಳಿಸಿದ್ದಿ. ಈಗ ನಿನ್ನನ್ನು ಹೊರ್ಲಿಕ್ಕೂ ನಿನ್ನ ಮಗನಿಗೆ ಪುರುಸೊತ್ತಿಲ್ಲದ ಹಾಗೆ ಮಾಡಿದ್ದಿ."

ಮೇಣದ ಬತ್ತಿಗಳನ್ನು ಜಗಲಿಯ ದಂಡೆಯ ಮೇಲೆ ಇಟ್ಟು ಇಳಿದು ಹೋದರು. ನಾನು ಗೇಟಿನವರೆಗೆ ಹಿಂದೆ ಹೋದೆ. ಅವರು ತಿರುಗಲಿಲ್ಲ. ನಾನು ಒಳಗೆ ಬಂದಾಗ ತಂದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. "ಹೊರ್ಲಿಕ್ಕೆ ಬರ್ತಾನೆ," ಎಂದರು ಗೋಡೆಗೆ.

ಅಂದಿನಿಂದ ಕಿಟಕಿ ಮುಚ್ಚಿ, ಕಾರ್ನೆಟ್ಟಿನ ಬಾಯಿಗೆ ಟವೆಲ್ ತುರುಕಿ ಊದಿದೆ. ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳ್ತದೆ ಎಂದು ತಂದೆ ಬೇಸರಪಡುತ್ತಿದ್ದರು. ಆದರೂ ಬೆರಳು ಒತ್ತಿ ತಿದ್ದುತ್ತಿದ್ದರು. ಎರಡನೆಯ ಭಾಗ ಕ್ರಿಸ್‌ಮಸ್ಸಿನ ಹೊತ್ತಿಗೆ ಸರಿಯಾಯಿತು. ತೆರೆದ ಬಾಗಿಲಲ್ಲಿ ಅದನ್ನು ತಪ್ಪಿಲ್ಲದೆ ಕೇಳುವುದು ಅವರಿಗೆ ಸಿಗಲಿಲ್ಲ. ಜನವರಿಯ ಆ ಭಾನುವಾರ ಸಂಜೆ, ಪ್ರಾರ್ಥನೆಯ ನಡುವೆ, ಉಸಿರು ನಿಂತಿತು. ಹೆಂಡತಿ ಕೈ ಹಿಡಿದಿದ್ದಳು. ಬಾಪ್ಪು ಬಿಟ್ಟುಹೋದ ಮೇಣದ ಬತ್ತಿಗಳನ್ನೇ ತಲೆಯ ಬದಿಯಲ್ಲಿ ಹಚ್ಚಿದೆವು.

ಸೋಮವಾರ ಬೆಳಿಗ್ಗೆ ನಾನು ಬಡಗಿ, ಇಗರ್ಜಿ, ಗುಂಡಿ ತೋಡುವವರು ಎಂದು ಓಡಾಡಬೇಕಾಗಿತ್ತು. ದೇರೆಬೈಲಿಗೆ ತಾನೇ ಹೋಗುತ್ತೇನೆ ಎಂದರು ಅಂಗಡಿಯವರು. "ಅವತ್ತು ಕೆಡಿಸಿದ್ದು ನಾನು, ಸರಿ ಮಾಡುವುದೂ ನಾನೇ." ಸೈಕಲ್ ತೆಗೆದುಕೊಂಡು ಹೋದರು. ಬೇರೆ ಯಾರು ಹೋಗಿದ್ದರೂ ಆಗುತ್ತಿತ್ತು, ಅವರು ಹೋಗಬಾರದಿತ್ತು. ಅದು ನಮಗೆ ಇಬ್ಬರಿಗೂ ಹೊಳೆಯಲಿಲ್ಲ.

ಮಧ್ಯಾಹ್ನ ಹಿಂದೆ ಬಂದು ಸೈಕಲ್ ನಿಲ್ಲಿಸಿದರು. ಮುಖ ನೋಡಿದಾಗಲೇ ಗೊತ್ತಾಯಿತು.

"ಎಂತ ಹೇಳಿದರು?"

"ಕಳೆದ ಸಲವೂ ಸುದ್ದಿ ಕಳಿಸಿದ್ದು ನೀವೇ ಅಲ್ವಾ ಅಂತ ಕೇಳಿದರು. ಹೌದು ಹೇಳಿದೆ. ಆಣೆ ಹಾಕಿದೆ ಮಾಷ್ಟ್ರೇ, ನನ್ನ ದೇವರ ಮೇಲೆ. ತಾಲೀಮು ಶಾಲೆಯಲ್ಲಿ ಮಾಡ್ಲಿಕ್ಕೆ ಹೇಳಿ ಅಂದರು. ಬಾಗಿಲು ಹಾಕಿಕೊಂಡರು."

ಇನ್ನೊಬ್ಬರನ್ನು ಕಳಿಸಿ ಕರೆತರುವಷ್ಟು ಹೊತ್ತು ಉಳಿದಿರಲಿಲ್ಲ. ಆದರೂ ಮನಸ್ಸು ಬದಲಿಸಿ ಬಂದಾರು ಎಂದು ಮೂರೂವರೆಯವರೆಗೆ ಕಾದೆವು. ಪಾದ್ರಿ ಗಡಿಯಾರ ನೋಡಿದರು.

"ಇನ್ನು ಆಗೋದಿಲ್ಲ ಮಾಸ್ಟ್ರೇ. ಕಾರ್ನೆಟ್ ಇಟ್ಟುಬಿಡಿ. ನೀವೇ ಹೆಗಲು ಕೊಡಿ."

ಕಾರ್ನೆಟ್ ಇಟ್ಟರೆ ತಂದೆಯ ಎರಡೂ ಮಾತು ಹೋಯಿತು. ಇಡದಿದ್ದರೆ ಬಾಪ್ಪು ಹೇಳಿದ್ದು ನಿಜವಾಯಿತು.

"ನಾನು ಹಿಡೀತೇನೆ," ಎಂದರು ಅಂಗಡಿಯವರು. ಚಪ್ಪಲಿ ಬಿಟ್ಟು ಬದಿಗೆ ಸರಿಸಿದರು. "ನನಗೆ ನಿಮ್ಮ ಇಗರ್ಜಿಯ ಒಳಗೆ ಬರ್ಲಿಕ್ಕೆ ಉಂಟಾ?"

"ಬನ್ನಿ," ಎಂದರು ಪಾದ್ರಿ.

ಹೊರಟೆವು. ಮುಂದೆ ಶಿಲುಬೆ, ಅದರ ಹಿಂದೆ ನಾನು, ನನ್ನ ಹಿಂದೆ ಪೆಟ್ಟಿಗೆ. ಬ್ಯಾಂಡಿಲ್ಲ, ಡ್ರಮ್ಮಿಲ್ಲ, ಒಂದೇ ಕಾರ್ನೆಟ್. ಮೊದಲ ಸ್ವರ ಹೊರಟಾಗ ಮಾರ್ಕೆಟಿನ ಕಡೆ ಬಾಗಿಲು ಹಾಕುವ ಸದ್ದು ಕೇಳಿತು. ಸ್ವಲ್ಪ ದೂರದಲ್ಲೇ ಹಿಂದಿನ ಹೆಜ್ಜೆ ಕೆಟ್ಟಿತು. ಮೂರು ಜೋಡಿ ಬೂಟು ಒಟ್ಟಿಗೆ ಬೀಳುತ್ತಿದ್ದವು, ಬರಿಗಾಲಿನ ಒಂದು ಹೆಜ್ಜೆ ಮುಂದೆ ಹೋಗಿ ನಿಂತು ಮತ್ತೆ ಓಡಿ ಬರುತ್ತಿತ್ತು. ಪೆಟ್ಟಿಗೆ ಕಿರುಗುಟ್ಟಿತು. ಅಂಗಡಿಯವರಿಗೆ ಈ ನಡಿಗೆ ಯಾರು ಕಲಿಸಿದ್ದರು? ನಾನು ರಾಗವನ್ನು ಇನ್ನಷ್ಟು ನಿಧಾನ ಮಾಡಿದೆ. ಉಸಿರು ಸಾಲದೆ ಎದೆ ಉರಿಯಿತು. ಎರಡನೆಯ ಭಾಗ ಒಡೆಯಲಿಲ್ಲ.

ಇಗರ್ಜಿಯಲ್ಲಿ ಪೂಜೆ ಆಯಿತು. ಅಲ್ಲಿಂದ ಸ್ಮಶಾನಕ್ಕೆ ಹೊರಟು ತಿರುವು ದಾಟಿದ ಮೇಲೆ ಹಿಂದಿನ ಸದ್ದು ಬದಲಾಯಿತು. ನಾಲ್ಕೂ ಹೆಜ್ಜೆ ಒಟ್ಟಿಗೆ ಬೀಳತೊಡಗಿದವು, ನಿಂತು, ಮತ್ತೆ ಒಟ್ಟಿಗೆ. ಬಲ್ಲವನ ಹೆಜ್ಜೆ. ಬಾಪ್ಪು ದಾರಿಯಲ್ಲಿ ಬಂದು ಸೇರಿದರು, ಅಂಗಡಿಯವರು ಜಾಗ ಬಿಟ್ಟುಕೊಟ್ಟರು ಎಂದು ನನಗೆ ಖಂಡಿತವಾಯಿತು. ತಿರುಗಿ ನೋಡಲು ಇರಲಿಲ್ಲ. ಉಳಿದ ದಾರಿಯುದ್ದಕ್ಕೂ ಅದನ್ನೇ ನಂಬಿಕೊಂಡು ಊದಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಊದಿರಲಿಲ್ಲ.

ಸ್ಮಶಾನದ ಬಾಗಿಲಲ್ಲಿ ಕಾರ್ನೆಟ್ ನಿಲ್ಲಿಸಬೇಕು. ನಿಲ್ಲಿಸಿ ತಿರುಗಿದೆ. ಅಂಗಿ ಒದ್ದೆಯಾಗಿ ಮೈಗೆ ಅಂಟಿದ ಅಂಗಡಿಯವರೇ ಅಲ್ಲಿದ್ದರು. ತುಟಿ ಅಲ್ಲಾಡುತ್ತಿತ್ತು, ಒಂದು, ಎರಡು, ಎಂದು ಬಾಯಲ್ಲೇ ಎಣಿಸಿಕೊಂಡು ಹೆಜ್ಜೆ ಹಿಡಿದಿದ್ದರು.

ಮಣ್ಣು ಹಾಕಿ ಮನೆಗೆ ಬಂದೆವು. ಜನ ಹೋದರು. ದೀಪ ಹಚ್ಚುವ ಹೊತ್ತಿಗೆ ಗೇಟಿನ ಸದ್ದಾಯಿತು. ಬಾಪ್ಪು. ಮಣ್ಣಿಗೆ ಬಂದಿದ್ದ ದೇರೆಬೈಲಿನವರು ಯಾರೋ ಹಿಂದೆ ಹೋಗಿ ಹೇಳಿದ್ದರಂತೆ. ಮನೆಯಲ್ಲಿ ಉಡುವ ಪಂಚೆಯಲ್ಲೇ ಬಂದಿದ್ದರು. ಅಂಗಳದಲ್ಲಿ ನಿಂತರು, ಮೆಟ್ಟಿಲು ಹತ್ತಲಿಲ್ಲ.

"ಒಳಗೆ ಬನ್ನಿ ಬಾಪ್ಪು."

"ಬಂದ ದಿನ ಬದುಕಿದ್ದ," ಎಂದರು. "ಇನ್ನು ಒಳಗೆ ಬಂದು ಎಂತ ಮಾಡ್ಲಿ?" ಆಮೇಲೆ ಕೇಳಿದರು, "ಯಾರು ಹೊತ್ತದ್ದು?"

"ಪಕ್ಕದ ಮನೆಯವರು."

"ಹೆಜ್ಜೆ ತಪ್ಪಿತಾ?"

"ಮೊದಲು ತಪ್ಪಿತು. ಆಮೇಲೆ ಸರಿಯಾಯಿತು."

"ಡ್ರಮ್ಮಿಲ್ಲದೆ ತಪ್ಪದೆ ಇರ್ತದಾ," ಎಂದರು. ಅವರ ಬಲಗೈ ಪಂಚೆಯ ಮೇಲೆ ನಿಧಾನವಾಗಿ ಎರಡು ಸಲ ಬಡಿಯಿತು. ಅದು ಅವರ ಗಮನಕ್ಕೆ ಬಂದು ಕೈಯನ್ನು ಹಿಂದೆ ಕಟ್ಟಿಕೊಂಡರು. ಗೇಟು ದಾಟಿ ಸ್ಮಶಾನದ ಕಡೆ ತಿರುಗಿದರು. ಜೊತೆಗೆ ಬರುತ್ತೇನೆ ಎಂದೆ. ಬೇಡ ಎಂದು ಒಬ್ಬರೇ ಹೋದರು.

ಹೆಂಡತಿ ಗಂಜಿ ಬಡಿಸಿ ಕರೆದಳು. ಮಂಗಳವಾರದ ಪಾಠಕ್ಕೆ ರಜೆ ಹೇಳಿಯಾಗಿತ್ತು, ತಿದ್ದುವ ಪತ್ರಿಕೆ ಇರಲಿಲ್ಲ. ಮಾಡಬೇಕಾದ್ದು ಒಂದು ಉಳಿದಿತ್ತು. ಊದಿದ ಕಾರ್ನೆಟ್ಟನ್ನು ಹಾಗೇ ಇಟ್ಟರೆ ಒಳಗೆ ಹಸಿರು ಹಿಡಿಯುತ್ತದೆ ಎಂದು ತಂದೆ ಪ್ರತಿದಿನ ಹೇಳುತ್ತಿದ್ದರು. ಜಗಲಿಗೆ ತಂದು, ಬಗ್ಗಿಸಿ, ಕೊಳವೆಯಲ್ಲಿ ನಿಂತ ನೀರನ್ನು ಅಂಗಳಕ್ಕೆ ಬಸಿದೆ. ಮೂರು ಗುಂಡಿಗಳನ್ನು ಬಿಚ್ಚಿ ಒರೆಸಿ, ಎಣ್ಣೆ ಬಿಟ್ಟು, ಕೂರಿಸಿದೆ. ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆ, ಪೆಟ್ಟಿಗೆಯನ್ನು ಖಾಲಿ ಮಂಚದ ಅಡಿಗೆ ತಳ್ಳಿದೆ.